ಒಂದೊಂದೇ

ಬೈತಖೋಲದ ಸೊಸಾಯಿಟಿ ಆಫೀಸು, ಹಿಂದಿನ ಕೋಣೆ.
ಡೀಸೆಲ್ ಕೂಪನ್ನಿನ ಹಳೆಯ ಕಂತೆಗಳ ಮೇಲೆ
ಒಂದು ಕಂಪ್ಯೂಟರು. ಪರದೆಯಿಲ್ಲ,
ಕಿವಿಗೊಟ್ಟರೆ ಫ್ಯಾನಿನ ಸದ್ದು.
ಬೋಟಿನವರು ಬೇಡಿದ ಐಸು, ಕಾಟಾದವರು ತೂಗಿದ ತೂಕ,
ಹರಾಜಿನ ದರ, ಎಲ್ಲ ಇದರ ಮೂಲಕವೇ ಹೋಗಬೇಕು.
ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳುವ ತನಕ
ಹಿಡಿದಿಟ್ಟುಕೊಳ್ಳುವುದು ಇದರ ಕೆಲಸ.
ಕೇಳಬೇಕಾದವ ಚಾ ಕುಡಿಯಲು ಹೋಗಿದ್ದರೆ
ಕಾಯುವುದು. ಬಂದು, ಕೇಳಿ, ‘ಮುಟ್ಟಿತು’ ಅಂದ ಮೇಲೆ
ಮರೆಯುವುದು.

ಅಜ್ಜಿ ಹೇಳಿ ಬರೆಸುತ್ತಿದ್ದ ಕಾಗದಗಳ ಕೊನೆಗೂ ಅದೇ ಮಾತು:
ಕಾಗದ ಮುಟ್ಟಿದ ಕೂಡಲೇ ತಿಳಿಸುವುದು.

ಇದನ್ನು ಕೊಂಡದ್ದಲ್ಲ.
ಕಂಪನಿಯವರು ಬಂದಿದ್ದರು, ಟೈ ಕಟ್ಟಿಕೊಂಡು,
ವರ್ಷಕ್ಕೆ ಇಷ್ಟು ಲಕ್ಷ ಎಂದರು. ಅಧ್ಯಕ್ಷರು, ಉಲ್ಲಾಸ ಬಾನಾವಳಿ,
ಅವರಿಗೆ ಶೆಟ್ಲಿ ಸುಕ್ಕ ತಿನ್ನಿಸಿ ಕಳಿಸಿಕೊಟ್ಟರು.
ಆಮೇಲೆ ನಾನು ಇಳಿಸಿಕೊಂಡೆ. ಬಿಟ್ಟಿ.
ಒಳಗಿನ ಕರುಳೆಲ್ಲ ಕಾಣುವ ಹಾಗೆ ಬಿಚ್ಚಿಟ್ಟದ್ದು.

“ಬಿಟ್ಟಿ ಅಂದ್ರೆ, ಯಾರದ್ದು?” ಪುರ್ಸು ತಾಂಡೇಲರು ಕೇಳಿದರು.
ಹಲವರದು ಎಂದೆ. ನನಗೂ ಗೊತ್ತಿರಲಿಲ್ಲ.
“ಹಂಗಾದ್ರೆ ರಂಪಣಿ.”
ಮಾಜಾಳಿ ದಂಡೆಯಲ್ಲಿ ಹಗ್ಗ ಮುಟ್ಟಿದವನಿಗೆಲ್ಲ ಪಾಲಿತ್ತಂತೆ,
ದಾರಿಹೋಕನಿಗೂ ನಾಲ್ಕು ಬಾಂಗಡೆ.
ಹೂಂಗುಟ್ಟಿದೆ. ಆದರೆ ಅದು ಪೂರ್ತಿ ಸರಿಯಲ್ಲ.
ಇಲ್ಲಿ ಎಷ್ಟು ಜನ ಒಯ್ದರೂ ಮೀನು ಕಡಿಮೆಯಾಗುವುದಿಲ್ಲ.
ಕಡಿಮೆಯಾಗುವುದು ಹಗ್ಗ ಎಳೆಯುವವರು.

ಜುಲೈ ಮೂವತ್ತೊಂದು. ನಿಷೇಧ ಮುಗಿಯುವ ರಾತ್ರಿ.
ಅರವತ್ಮೂರು ಬೋಟುಗಳಿಗೆ ಒಟ್ಟಿಗೇ ಕೆಮ್ಮು.
ಐಸ್ ಪ್ಲಾಂಟಿನ ಮೂರು ಕಿಟಕಿಗಳಲ್ಲಿ
ಎರಡರ ಹಿಂದೆ ಹುಡುಗರು ಕೈಕಟ್ಟಿ ನಿಂತಿದ್ದಾರೆ,
ಮೂರನೆಯದು ಗರಬಡಿದು ಕೂತಿದೆ.
ಸಾಲಿನಲ್ಲಿ ಇನ್ನೂರಹನ್ನೆರಡು ಮಾತು. ಒಂದೂ ಮುಟ್ಟಿಲ್ಲ.
“ಶೇವಂತೀ, ನಿನ್ನ ಬಿಟ್ಟಿ ಯಂತ್ರ!”
ಅದರ ಮುಂದಿನದು ಕೊಂಕಣಿಯಲ್ಲಿತ್ತು,
ಪದ್ಯದಲ್ಲಿ ಬರೆಯುವಂಥದ್ದಲ್ಲ.

ಇದನ್ನೇ ಬಳಸುವ ಯಾರಾದರೂ ಎಚ್ಚರಿದ್ದೀರಾ ಎಂದು
ಹರಕು ಇಂಗ್ಲಿಷಿನಲ್ಲಿ ಕೇಳಿ ಕೂತೆ.
ಹನ್ನೊಂದು ನಿಮಿಷ.
ಉತ್ತರ ತಾದೇಯುಷ್ ಎಂಬವನಿಂದ,
ಯಾವುದೋ ದೇಶದಲ್ಲಿ ಗೋಧಿ ರೈಲುಗಳ ಲೆಕ್ಕ ನೋಡುವವನು.
ಸಮಾಧಾನ ಹೇಳಲಿಲ್ಲ. ಊರು ಕೇಳಲಿಲ್ಲ.
ಒಬ್ಬನೇ ಸಾವಿರ ಬಾಚಿಕೊಂಡು ಕೂತಿದ್ದಾನೆ, ನೋಡು.
ತಾನೂ ತಿನ್ನಲಾರ, ಉಳಿದವರಿಗೂ ಬಿಡ.
ಒಂದೊಂದೇ ಕೊಡು. ಅದು ಮುಗಿದ ಮೇಲೆ ಇನ್ನೊಂದು.

ಇಷ್ಟನ್ನು ಮೀನುಪೇಟೆಯ ಯಾವ ಹೆಂಗಸಾದರೂ ಹೇಳುತ್ತಿದ್ದಳು.
ನನಗೆ ಹೊಳೆಯಲಿಲ್ಲ.

ಸಾವಿರ ಇದ್ದಲ್ಲಿ ಒಂದು ಎಂದು ಬರೆದೆ, ಮೂರು ಸೊನ್ನೆ ಅಳಿಸಿದೆ.
ಜಲಪದ್ಮ, ಹದಿನೆಂಟು ಬ್ಲಾಕು. ಮುಟ್ಟಿತು.
ಅವೆ ಮಾರಿಯಾ, ಇಪ್ಪತ್ತು. ಮುಟ್ಟಿತು.
ಮೂರೂ ಕಿಟಕಿಗಳಲ್ಲಿ ಐಸು ಪುಡಿಯಾಗುವ ಸದ್ದು,
ಹಲ್ಲು ಕಡಿದ ಹಾಗೆ, ಬೆಳಗಿನ ತನಕ.

ಧಕ್ಕೆ ಖಾಲಿಯಾದ ಮೇಲೆ ನೋಡಿದರೆ
ವಾರಸುದಾರರಿಲ್ಲದ ಮಾತುಗಳ ಮೂಲೆಯಲ್ಲಿ ಒಂದು ಉಳಿದಿತ್ತು:
ಸಾಗರಜ್ಯೋತಿ, ಆರು ಬ್ಲಾಕು.
ಆ ಬೋಟು ಮೇ ತಿಂಗಳಲ್ಲೇ ಮಲ್ಪೆಗೆ ಮಾರಿಹೋಗಿದೆ.
ಯಾರ ಬೆರಳಿನ ರೂಢಿಯೋ.
ಅಳಿಸಬಹುದಿತ್ತು. ಇವತ್ತಿಗೂ ಅಲ್ಲೇ ಇದೆ.

ಹೋದ ವರ್ಷ ಒಬ್ಬಳು, ರಕ್ತನಿಧಿಯಲ್ಲಿ ಕೆಲಸವಂತೆ,
ನಡುರಾತ್ರಿ ಅದೇ ಗೋಳು ತೋಡಿಕೊಂಡಳು.
ಒಂದೊಂದೇ ಕೊಡು ಎಂದೆ. ಊರು ಕೇಳಲಿಲ್ಲ.
ತಾದೇಯುಷ್‌ಗೆ ಇದನ್ನು ತಿಳಿಸೋಣವೆಂದರೆ
ಅವನು ಮಾತಾಡಿ ಎರಡು ಮಳೆಗಾಲ ಕಳೆದಿದೆ.
ಕೆಲಸ ಬಿಟ್ಟ ಎಂದರು ಕೆಲವರು. ಕೆಲವರು ಏನೂ ಅನ್ನಲಿಲ್ಲ.

“ಆ ಗೋಧಿಯವನಿಗೆ ಒಂದು ಇಸ್ವಾಣ ಕಳಿಸಬೇಕಿತ್ತು ನೀನು,”
ಬಲೆಯ ಮೇಲೆ ಕೂತು ಪುರ್ಸು ತಾಂಡೇಲರು ಬೈದರು.
ಅಷ್ಟು ದೂರ, ಹೇಗೆ ಎಂದೆ.

“ಹೇಗೆ ಅಂದ್ರೆ?
ಐಸ್ ಹಾಕಿ.”